ಇನ್ನೊಂದು ಎಡ ಬಾಕಿ

ಚನ್ನೇಶನಿಗೆ ದಿಕ್ಕಿನ ಅರಿವು ಇರಲಿಲ್ಲ. ಎಡ ಬಲ ಗೊತ್ತಿತ್ತು. ಅದೂ ಗಾಳಿಯಲ್ಲಿ ಒಮ್ಮೆ ಅನ್ನ ಕಲಸಿ, ಊಟದ ಕೈ ಯಾವುದೆಂದು ಖಾತ್ರಿ ಮಾಡಿಕೊಂಡ ಮೇಲೆ. ಪೂರ್ವ ಪಶ್ಚಿಮಗಳೆಲ್ಲ ಅವನ ಪಾಲಿಗೆ ಪಂಚಾಂಗದವರಿಗೆ ಬಿಟ್ಟ ವಿಚಾರ. ತುಮಕೂರಿನಲ್ಲೇ ಹುಟ್ಟಿ ಉಪ್ಪಾರಹಳ್ಳಿಯಲ್ಲೇ ಬೆಳೆದವನು, ಬಸ್ ಸ್ಟ್ಯಾಂಡಿನಿಂದ ದಿನಾ ಬರುವ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ ಕ್ಯಾತ್ಸಂದ್ರ ಮುಟ್ಟಿಯೇ ಮನೆ ಸೇರುತ್ತಿದ್ದ.

ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಕಾರುಗಳಿಗೆ ಮ್ಯಾಪ್ ತೋರಿಸುವ ಸ್ಕ್ರೀನ್ ಕೂರಿಸುವ ಕೆಲಸ. ಬಿ.ಎಚ್. ರಸ್ತೆಯಲ್ಲಿ ಒಂದು ಮಳಿಗೆ, ಒಳಗೆ ಸೀಟ್ ಕವರು, ಹಾರ್ನು, ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ನಾಯಿ. ಜೊತೆಗೆ ಒಂದು ಡಬ್ಬಿ. ಗಿರಾಕಿಗಳು ಅದನ್ನು ದಾರಿ ದಾಟಿಸೋ ಡಬ್ಬಿ ಅನ್ನುತ್ತಿದ್ದರು. ಒಂದು ಗಾಡಿಯ ಮ್ಯಾಪಿನಲ್ಲಿರುವ ದಾರಿಯನ್ನು ಇನ್ನೊಂದು ಗಾಡಿಯ ಮ್ಯಾಪಿಗೆ ಕೊಡುವುದು ಅದರ ಕೆಲಸ. ಕೇಳುವುದಕ್ಕೆ ಸುಲಭ, ಮಾಡುವುದಕ್ಕಲ್ಲ. ಒಂದೊಂದು ಕಂಪನಿಯ ಮ್ಯಾಪೂ ರಸ್ತೆಗಳನ್ನು ತನಗೆ ಬೇಕಾದ ಹಾಗೆ ತುಂಡು ಮಾಡಿ, ತನ್ನದೇ ನಂಬರು ಹಚ್ಚಿಕೊಂಡಿರುತ್ತದೆ. ಇದರಲ್ಲಿ ರಸ್ತೆಯ ನಂಬರು ಆದದ್ದು ಅದರಲ್ಲಿ ಕೆರೆಯ ನಂಬರು ಆಗಿದ್ದೀತು. ಅದಕ್ಕೆ ಡಬ್ಬಿ ನಂಬರುಗಳ ಉಸಾಬರಿಗೇ ಹೋಗುತ್ತಿರಲಿಲ್ಲ. ತಿರುವುಗಳನ್ನು ಮಾತ್ರ ದಾಟಿಸುತ್ತಿತ್ತು: ಎರಡನೆಯ ಬಲ, ಮೂರನೆಯ ಎಡ, ಹೀಗೆ. ಎರಡೂ ಮ್ಯಾಪುಗಳಲ್ಲಿ ಇರುವ ರಸ್ತೆಗಳು ಒಂದೇ ಆಗಿದ್ದರೆ ಎಲ್ಲ ಸರಿ. ಇಲ್ಲದಿದ್ದರೆ ಏನು ಎಂಬುದನ್ನು ಚನ್ನೇಶ ಯೋಚಿಸಿರಲಿಲ್ಲ. ಯಾವ ಗಿರಾಕಿಯೂ ವಾಪಸ್ ಬಂದು ದೂರು ಹೇಳಿರಲಿಲ್ಲ. ಅವರು ಎಲ್ಲಿಗೆ ಹೋಗಿ ಮುಟ್ಟಿದರೋ ಯಾರಿಗೆ ಗೊತ್ತು.

ಆ ಭಾನುವಾರ ಅವನು ಹೆಣ್ಣು ನೋಡಲು ಹೊರಟಿದ್ದ. ಹೆಣ್ಣು ಮಾಲಿನಿ, ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆ ಹುತ್ರಿದುರ್ಗದ ಬೆಟ್ಟದ ಬುಡದ ಹಳ್ಳಿಯಲ್ಲಿ. ಜಾತಕ ಕೂಡಿದ ಮೇಲೆ ಮೂರು ವಾರದಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳು ನಗುವಾಗ ಮಾತು ಅರ್ಧಕ್ಕೇ ಬಿಟ್ಟು ನಗುತ್ತಿದ್ದಳು, ಆಮೇಲೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದಳು. ಆ ನಗುವಿಗೆ ಚನ್ನೇಶ ಮಾರುಹೋಗಿದ್ದ. ಇದಕ್ಕೆ ಮುಂಚೆ ನೋಡಿದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ಮುರಿದಿದ್ದವು. ಇದೊಂದು ಮುರಿಯಬಾರದು ಎಂದು ಅವನಿಗೆ ನಿಜವಾಗಿ ಅನ್ನಿಸಿತ್ತು.

ಹಿಂದಿನ ರಾತ್ರಿ ಮಾಲಿನಿ ನೇರವಾಗಿ ಹೇಳಿದ್ದಳು: "ನೋಡಿ, ಅಪ್ಪ ಅಮೃತೂರಿನ ಗಂಡಿನ ಕಡೆಯವ್ರಿಗೂ ನಾಳೇನೇ ಬನ್ನಿ ಅಂದ್ಬಿಟ್ಟಿದಾರೆ. ಅವ್ರು ಬರೋದು ಹನ್ನೆರಡರ ಮೇಲೆ. ನೀವು ಅಷ್ಟ್ರೊಳಗೆ ಬಂದು ಹೂಂ ಅಂದ್ಬಿಡಿ. ನಾನೂ ಹೂಂ ಅಂತೀನಿ. ಆಮೇಲೆ ಅವ್ರು ಬಂದ್ರೆ ಊಟ ಹಾಕಿ ಕಳಿಸಿದ್ರಾಯ್ತು."

"ಹನ್ನೊಂದಕ್ಕೇ ಇರ್ತೀನಿ," ಎಂದಿದ್ದ ಚನ್ನೇಶ.

"ದಾರಿ ಗೊತ್ತಾಗುತ್ತಾ?"

"ಅದೇ ನನ್ನ ಬಿಸಿನೆಸ್ ಕಣ್ರೀ."

ಅವಳು ಮನೆಯ ಲೊಕೇಶನ್ ಕಳಿಸಿದಳು. ಮನೆ ಮುಂದೆ ನಿಂತರೆ ಬೆಟ್ಟ ಕಾಣುತ್ತದೆ ಎಂದೂ ಬರೆದಳು. ಚನ್ನೇಶ ತನ್ನ ಕಾರಿನ ಸ್ಕ್ರೀನಿಗೆ ಅದನ್ನು ಹಾಕಿಕೊಂಡು ನಿಶ್ಚಿಂತೆಯಿಂದ ಮಲಗಿದ.

ಬೆಳಗ್ಗೆ ಗುಬ್ಬಿಯಿಂದ ಸೋದರಮಾವ ರೇವಣಸಿದ್ದಯ್ಯ ಬಂದಿಳಿದ. ಗುಬ್ಬಿಯಲ್ಲಿ ಅವನದು ಅಡಿಕೆ ಮಂಡಿ, ಮೈತುಂಬ ದೌಲತ್ತು. ಹಣೆಗೆ ಮೂರು ಬೆರಳಗಲ ವಿಭೂತಿ, ಮೈಮೇಲೆ ರೇಷ್ಮೆ ಶರ್ಟು, ಕೆಳಗೆ ಹೊಸದಾಗಿ ಕೊಂಡ ಹಳೇ ಕಾರು. ಬೆಂಗಳೂರಿನ ಯಾರೋ ದೊಡ್ಡವರು ಎಂಟು ವರ್ಷ ಓಡಿಸಿ ಮಾರಿದ್ದು. ಅದಕ್ಕೆ ಕಂಪನಿಯವರೇ ಕೂರಿಸಿದ ಮ್ಯಾಪ್ ಇತ್ತು. ಎಂಟು ವರ್ಷದ ಹಿಂದೆ ತುಂಬಿಸಿದ್ದನ್ನೇ ಅದು ಇನ್ನೂ ನಿಷ್ಠೆಯಿಂದ ತೋರಿಸುತ್ತಿತ್ತು. ಪಕ್ಕದಲ್ಲಿ ಮಾವನ ಹೆಂಡತಿ ವನಜಮ್ಮ, ತೊಡೆಯ ಮೇಲೆ ಹಣ್ಣು ಕಾಯಿ ಎಲೆ ಅಡಿಕೆ ಜೋಡಿಸಿದ ತಟ್ಟೆ.

ಅವರ ವಂಶದಲ್ಲಿ ಹೆಣ್ಣು ನೋಡಲು ಹೋಗುವುದಕ್ಕೆ ಎರಡು ಕಟ್ಟಳೆ. ಒಂದು, ತಟ್ಟೆ ಹಿಡಿದ ಸೋದರಮಾವನ ಗಾಡಿ ಮುಂದೆ ಹೋಗಬೇಕು, ಗಂಡಿನ ಗಾಡಿ ಅದನ್ನು ಹಿಂದೆ ಹಾಕಕೂಡದು. ಚನ್ನೇಶನ ತಂದೆ ತೀರಿಕೊಂಡ ಮೇಲಂತೂ ಮಾವನ ಮಾತೇ ಕಡೆಯ ಮಾತು. ಇನ್ನೊಂದು, ಹೆಣ್ಣಿನ ಮನೆಯ ದಾರಿಯನ್ನು ಯಾರನ್ನೂ ಕೇಳಕೂಡದು. ಕೇಳಿದರೆ ಆ ಊರಿನವರಿಗೆ ವಿಷಯ ತಿಳಿಯುತ್ತದೆ. ತಿಳಿದರೆ ಯಾವನಾದರೂ ಬೀಡಿ ಆರಿಸಿ ಹತ್ತಿರ ಬಂದು, "ಓ ಆ ಮನೆಗಾ?" ಅನ್ನುತ್ತಾನೆ. ಆ "ಓ"ಗೆ ಮುರಿದ ಸಂಬಂಧಗಳು ಅವರ ಬಂಧುಬಳಗದಲ್ಲಿ ಬೇಕಾದಷ್ಟಿದ್ದವು.

"ಲೊಕೇಶನ್ ನಿಮ್ ಗಾಡಿಗೆ ಹತ್ತಲ್ಲ ಮಾವ," ಎಂದ ಚನ್ನೇಶ. "ನನ್ನ ಕಾರು ಮುಂದೆ ಹೋಗ್ಲಿ, ನೀವು ಹಿಂದೆ ಬನ್ನಿ."

ರೇವಣಸಿದ್ದಯ್ಯ ತಂಗಿಯ ಕಡೆ ತಿರುಗಿದ. "ಸರ್ವಮಂಗಳಾ, ನಿನ್ ಮಗ ನನ್ನೇ ಹಿಂದೆ ಬಾ ಅಂತಾವ್ನೆ."

ಚನ್ನೇಶನ ತಾಯಿ ಸರ್ವಮಂಗಳಮ್ಮ ಕೆನ್ನೆಗೆ ಬಡಿದುಕೊಂಡಳು. "ಬುಡ್ತು ಅನ್ನೋ! ಮಾವನ್ನ ಹಿಂದೆ ಹಾಕ್ಕಂಡು ಯಾರಾದ್ರೂ ಹೆಣ್ಣು ನೋಡಕ್ ಹೋಯ್ತಾರಾ?"

ಹೀಗಾಗಿ ಡಬ್ಬಿ ಹೊರಗೆ ಬಂತು. ಚನ್ನೇಶ ತನ್ನ ಕಾರಿನ ದಾರಿಯನ್ನು ಡಬ್ಬಿಗೆ ಇಳಿಸಿ, ಡಬ್ಬಿಯಿಂದ ಮಾವನ ಕಾರಿಗೆ ಏರಿಸಿದ. ಮಾವನ ಸ್ಕ್ರೀನಿನಲ್ಲಿ ನೀಲಿ ಗೆರೆಯೊಂದು ಹಾವಿನಂತೆ ಹರಿದು, ಬೆಟ್ಟದ ಪಕ್ಕ ಒಂದು ಕೆಂಪು ಬಾವುಟ ನೆಟ್ಟಿತು.

"ಬಾವುಟಾನೂ ಐತೆ, ಬೆಟ್ಟಾನೂ ಐತೆ. ಇನ್ನೇನ್ಲಾ?" ಎಂದು ಮಾವ ಗಾಡಿ ಸ್ಟಾರ್ಟ್ ಮಾಡಿದ. ಕೂಡಲೇ ಅವನ ಕಾರಿನ ಹೆಂಗಸು ಇಂಗ್ಲಿಷಿನಲ್ಲಿ ಏನೋ ಅಂದಳು. "ಫಾರಿನ್ ಮ್ಯಾಪು," ಎಂದ ಮಾವ ಹೆಮ್ಮೆಯಿಂದ.

ಹೆಬ್ಬೂರು ದಾಟಿ ಕುಣಿಗಲ್ ತನಕ ಎಲ್ಲ ನೆಟ್ಟಗಿತ್ತು, ಯಾಕೆಂದರೆ ಅಲ್ಲಿಯವರೆಗೆ ಇದ್ದದ್ದು ಒಂದೇ ರಸ್ತೆ. ಕುಣಿಗಲ್ ಬಿಟ್ಟು ಮಾಗಡಿ ಕಡೆಗೆ ತಿರುಗಿದ ಮೇಲೆ ದಾರಿಯಲ್ಲಿ ಮೂರನೆಯ ಎಡ ಹಿಡಿಯಬೇಕಿತ್ತು. ಚನ್ನೇಶನ ಮ್ಯಾಪು ಡಾಂಬರು ಕಂಡ ರಸ್ತೆಗಳನ್ನು ಮಾತ್ರ ರಸ್ತೆ ಎಂದು ಎಣಿಸುತ್ತಿತ್ತು. ಮಾವನ ಮ್ಯಾಪು ಮಾಡಿದವನು ಯಾರೋ ಶ್ರದ್ಧಾವಂತ, ತೆಂಗಿನ ತೋಟಗಳಿಗೆ ಎತ್ತಿನ ಗಾಡಿ ಹೋಗುವ ಓಣಿಗಳನ್ನೂ ಬಿಡದೆ ಗೀಚಿದ್ದ. ಎರಡು ಓಣಿ ಎಣಿಸಿದ ಮಾವನ ಕಾರು, ಚನ್ನೇಶನ ಲೆಕ್ಕದ ಮೊದಲನೆಯ ಎಡಕ್ಕೇ ಜುಮ್ಮನೆ ತಿರುಗಿಬಿಟ್ಟಿತು.

"ದಯವಿಟ್ಟು ಹಿಂತಿರುಗಿ," ಎಂದಿತು ಚನ್ನೇಶನ ಸ್ಕ್ರೀನು, ಶುದ್ಧ ಕನ್ನಡದಲ್ಲಿ.

ಚನ್ನೇಶ ಹಾರ್ನ್ ಹೊಡೆದ. ಮಾವ ಖುಷಿಯಾಗಿ ತಾನೂ ಎರಡು ಸಲ ಹೊಡೆದ. ಚನ್ನೇಶ ಲೈಟ್ ಹಾಕಿ ಆರಿಸಿದ. ಮಾವ ಕಿಟಕಿಯಿಂದ ಕೈ ಹೊರಹಾಕಿ, ಬಾ ಬಾ ಎಂದು ಸನ್ನೆ ಮಾಡಿದ. ಫೋನ್ ಮಾಡಿದರೆ ಸ್ವಿಚ್ ಆಫ್. ಫೋನು ರಿಂಗಾದರೆ ಮ್ಯಾಪಿನ ಹೆಂಗಸು ಮಾತು ನಿಲ್ಲಿಸುತ್ತಾಳೆಂದು ಮಾವ ಅದನ್ನು ಆರಿಸಿ ಡ್ರಾಯರಿಗೆ ಹಾಕಿದ್ದ. ವನಜಮ್ಮನ ಫೋನು ಗುಬ್ಬಿಯಲ್ಲಿ ಚಾರ್ಜಿಗೆ ಇತ್ತು.

"ದಯವಿಟ್ಟು ಹಿಂತಿರುಗಿ," ಎಂದಿತು ಸ್ಕ್ರೀನು. ಒಂದು ಫರ್ಲಾಂಗಿಗೆ ಒಮ್ಮೆ ಇದನ್ನೇ ಹೇಳಿತು.

"ಯಾಕಿವ್ಳು ಹಿಂಗ್ ಬಡ್ಕಂತಾಳೆ?" ಎಂದಳು ಸರ್ವಮಂಗಳಮ್ಮ. "ಶುಭಕಾರ್ಯಕ್ಕೆ ಹೊರಟವ್ರಿಗೆ ಹಿಂತಿರುಗಿ ಹಿಂತಿರುಗಿ ಅಂತ, ಅಪಶಕುನದೋಳು!" ಹಾಗೆಂದು ಗುಂಡಿ ತಿರುಗಿಸಿ ಅದರ ಬಾಯಿ ಮುಚ್ಚಿಸಿದಳು. ಆಮೇಲೆ ಸ್ಕ್ರೀನು ಬರಿಯ ಅಕ್ಷರಗಳಲ್ಲಿ ಅಂಗಲಾಚುತ್ತಿತ್ತು.

ಹುತ್ರಿದುರ್ಗದ ಬೆಟ್ಟ ಮೊದಲು ಎದುರಿಗಿತ್ತು. ಆಮೇಲೆ ಬಲಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಕಂಡಿತು. ಚನ್ನೇಶನ ಫೋನಿಗೆ ಮಾಲಿನಿಯ ಮೆಸೇಜು: "ನಿಮ್ಮ ಚುಕ್ಕಿ ಬೆಟ್ಟ ಸುತ್ತುತಾ ಇದೆ. ಪ್ರದಕ್ಷಿಣೆ ಹರಕೆ ಇತ್ತಾ?" ಅವನು ಹೊರಡುವಾಗ ತನ್ನ ಓಡಾಟ ಅವಳಿಗೆ ಕಾಣುವ ಹಾಗೆ ಮಾಡಿದ್ದ.

ಮಾವ ಒಂದು ಹುಣಸೆಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಮರದ ಆಚೆಗೆ ಹೋಗಿ ಬಂದಾಗ ಚನ್ನೇಶ ಓಡಿ ಹಿಡಿದ. "ಮಾವ, ತಪ್ಪು ದಾರಿ ಹಿಡಿದಿದೀರ. ಯಾರನ್ನಾದ್ರೂ ಕೇಳಣ."

"ಕೇಳ್ಬುಟ್ಟು ಕೆಡಿಸ್ಕತೀಯಾ? ನೀನೇ ಕೊಟ್ಟ ದಾರಿ ಕಣ್ಲಾ ಇದು. ಮೂರು ಎಡ, ಎರಡು ಬಲ. ಎಲ್ಲ ಮುಗೀತು, ಇನ್ನೊಂದು ಎಡ ಬಾಕಿ."

"ನನ್ನ ಸ್ಕ್ರೀನು ಬೇರೆ ಹೇಳ್ತೈತೆ ಮಾವ."

"ನಿನ್ ಸ್ಕ್ರೀನ್ ಮಾತು ಕೇಳಕ್ಕೆ, ನೀನ್ಯಾರ್ಲಾ? ಉಪ್ಪಾರಹಳ್ಳೀಲೇ ಕಳ್ದು ಹೋಗೋನು!"

ವನಜಮ್ಮ ಕಿಟಕಿಯಿಂದಲೇ ನಕ್ಕಳು. ಮೆರವಣಿಗೆ ಮುಂದೆ ಹೊರಟಿತು.

ಆಮೇಲೆ ಆದದ್ದನ್ನು ಚನ್ನೇಶ ಯಾರಿಗೂ ಸರಿಯಾಗಿ ವಿವರಿಸಲು ಆಗಲಿಲ್ಲ. ಬೆಟ್ಟವನ್ನು ಮುಕ್ಕಾಲು ಸುತ್ತಿ, ಬರಬೇಕಾದ ಕಡೆಯಿಂದ ಬರದೆ ಎದುರು ಕಡೆಯಿಂದ, ಎರಡೂ ಕಾರುಗಳು ಒಂದು ಹಳ್ಳಿಯೊಳಕ್ಕೆ ನುಗ್ಗಿದವು. ಚನ್ನೇಶನ ಸ್ಕ್ರೀನು ತಟ್ಟನೆ ಹಸಿರಾಯಿತು. "ನೀವು ತಲುಪಬೇಕಾದ ಸ್ಥಳ ಬಲಗಡೆಗಿದೆ" ಎಂಬ ಅಕ್ಷರ ಮೂಡಿತು. ಚನ್ನೇಶ ಬಲಕ್ಕೆ ನೋಡಿದ. ಗೇಟಿನ ಮುಂದೆ ದೊಡ್ಡ ರಂಗೋಲಿ. ಗೇಟಿನಲ್ಲಿ ಎಲೆಹಸಿರು ಸೀರೆ ಉಟ್ಟು, ಕೈಯಲ್ಲಿ ಫೋನ್ ಹಿಡಿದು ನಿಂತಿದ್ದವಳು ಮಾಲಿನಿ. ಅವಳ ಹಿಂದೆ ಬಿಳಿ ಪಂಚೆ ಉಟ್ಟ ಅಪ್ಪ ಕೈ ಮುಗಿಯಲು ಸಿದ್ಧನಾಗಿ ನಿಂತಿದ್ದ.

ಮಾವನ ಕಾರು ನಿಲ್ಲಲಿಲ್ಲ. ಅದಕ್ಕೆ ಇನ್ನೊಂದು ಎಡ ಬಾಕಿ ಇತ್ತು.

ಚನ್ನೇಶನ ಕಾಲು ಬ್ರೇಕಿನ ಮೇಲೆ ಹೋಯಿತು.

"ನಿಲ್ಲಿಸ್ಬ್ಯಾಡ್ವೋ!" ಎಂದಳು ಸರ್ವಮಂಗಳಮ್ಮ. "ಅಣ್ಣ ಮುಂದೋದ. ತಟ್ಟೆ ಅಲ್ಲೈತೆ. ಬರಿಗೈಲಿ ಇಳ್ದು ಏನಂತೀಯಾ ಅವ್ರಿಗೆ?"

ಚನ್ನೇಶನ ಕಾಲು ಬ್ರೇಕಿನಿಂದ ಮೇಲೆದ್ದಿತು. ಏನಾದರೂ ಮಾಡಲೇಬೇಕು ಅನ್ನಿಸಿ, ಅವನು ಬಲಗೈ ಎತ್ತಿ ಮಾಲಿನಿಗೆ ಟಾಟಾ ಮಾಡಿದ. ಸ್ವಲ್ಪ ನಕ್ಕ ಕೂಡ. ಕಾರು ಮುಂದೆ ಹೋಯಿತು. ಮುಗಿಯಲು ಎತ್ತಿದ್ದ ಕೈಗಳನ್ನು ಮಾಲಿನಿಯ ಅಪ್ಪ ಏನು ಮಾಡಬೇಕೆಂದು ತಿಳಿಯದೆ ಹೆಗಲ ಟವಲಿಗೆ ಒರೆಸಿಕೊಳ್ಳುವುದು ಕನ್ನಡಿಯಲ್ಲಿ ಕಂಡಿತು.

ಫೋನು ಗುಂಯ್ ಅಂದಿತು. "ಈಗ ಟಾಟಾ ಮಾಡ್ಕೊಂಡು ಹೋಗಿದ್ದು ನೀವೇನಾ?" ಚನ್ನೇಶ ಉತ್ತರ ಬರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಮಾವನ ಕೆಂಪು ಬಾವುಟ ಒಂದು ತೆಂಗಿನ ತೋಟದ ನಡುವಿನ ಹೆಂಚಿನ ಮನೆಯ ಮುಂದೆ ಸಿಕ್ಕಿತು. ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತಿತ್ತು. ಆ ಕಡೆ ಯಾವ ಅಂಗಳದಲ್ಲಿ ನಿಂತರೂ ಬೆಟ್ಟ ಕಾಣುತ್ತದೆ. "ನೋಡ್ದಾ ಬೆಟ್ಟ!" ಎಂದು ರೇವಣಸಿದ್ದಯ್ಯ ಶರ್ಟು ಜಗ್ಗಿ ಸರಿಮಾಡಿಕೊಂಡ.

"ಮಾವ, ಇದಲ್ಲ ಮನೆ. ಅವ್ಳನ್ನ ಈಗ ನೋಡ್ದೆ, ಹಿಂದಿನೂರಲ್ಲಿ—"

"ಯಾವಳನ್ನೋ ನೋಡಿರ್ತೀಯ. ಬಾಯ್ಮುಚ್ಕಂಡು ಗಂಡಿನ ಥರ ನಿಂತ್ಕೋ."

ಮನೆಯ ಯಜಮಾನ ಬೆಟ್ಟಯ್ಯ ಹೊರಗೆ ಬಂದ. ಒಂದು ತಿಂಗಳಿಂದ ಕಾಯಿ ವ್ಯಾಪಾರದವರು ಬಂದಾರು ಎಂದು ಅವನು ಕಾಯುತ್ತಿದ್ದ. ಈಗ ಎರಡು ಕಾರು, ರೇಷ್ಮೆ ಶರ್ಟು, ದಪ್ಪ ವಿಭೂತಿ. ಭಾರಿ ಸಾಹುಕಾರರೇ ಬಂದವರೆ ಅಂದುಕೊಂಡ. ಹೆಸರು ಊರು ಕೇಳಲಿಲ್ಲ. ಮನೆಗೆ ಬಂದವರನ್ನು ಕಾಫಿ ಕೊಡುವ ಮುಂಚೆ ಯಾರು ನೀವು ಎಂದು ಕೇಳುವುದು ಆ ಕಡೆಯಲ್ಲಿ ನಾಯಿ ಬಿಟ್ಟಷ್ಟೇ ಕೆಟ್ಟದ್ದು. ರೇವಣಸಿದ್ದಯ್ಯನೂ ಕೇಳಲಿಲ್ಲ. ಹೆಣ್ಣಿನ ಮನೆಗೆ ಬಂದು ಹೆಣ್ಣಿನ ಅಪ್ಪನ ಹೆಸರು ಯಾರು ಕೇಳುತ್ತಾರೆ?

ವನಜಮ್ಮ ತಟ್ಟೆಯನ್ನು ಬೆಟ್ಟಯ್ಯನ ಹೆಂಡತಿ ಸಿದ್ದಲಕ್ಷ್ಮಮ್ಮನ ಕೈಗಿತ್ತಳು. ಕಾಯಿ ಕೊಳ್ಳಲು ಬಂದವರು ಕಾಯಿ ತಂದದ್ದು ಸಿದ್ದಲಕ್ಷ್ಮಮ್ಮನಿಗೆ ವಿಚಿತ್ರ ಅನ್ನಿಸಿದರೂ, ಈಗಿನ ಕಾಲದ ವ್ಯಾಪಾರ ಹೀಗೇ ಇರಬೇಕು ಎಂದು ತೆಗೆದುಕೊಂಡು ದೇವರ ಮುಂದೆ ಇಟ್ಟಳು.

"ಮರ ಎಷ್ಟವೆ?" ಎಂದು ರೇವಣಸಿದ್ದಯ್ಯ ಶುರು ಮಾಡಿದ.

"ಮುನ್ನೂರರ ಮೇಲವೆ."

"ನೀರು?"

"ಎರಡು ಬೋರು ಸ್ವಾಮಿ. ಕೈ ಕೊಟ್ಟಿಲ್ಲ."

ಮಾವ ತಂಗಿಯ ಕಡೆ ನೋಡಿ ಹುಬ್ಬು ಹಾರಿಸಿದ. "ಮಕ್ಳು?"

ವ್ಯಾಪಾರದವನಿಗೆ ಮಕ್ಕಳ ಸುದ್ದಿ ಯಾಕೋ ಎಂದುಕೊಂಡರೂ ಬೆಟ್ಟಯ್ಯ ಹೇಳಿದ: "ಒಬ್ಳೇ ಮಗಳು."

"ಹಂಗಾದ್ರೆ ಈ ತೋಟ ಎಲ್ಲಾ?"

"ಅವ್ಳಿಗೇ. ನಾವೇನು ಹೊತ್ಕಂಡು ಹೋಯ್ತೀವಾ?"

ರೇವಣಸಿದ್ದಯ್ಯನಿಗೆ ಹೊಟ್ಟೆ ತುಂಬಿತು. "ನಮ್ಗೆಲ್ಲಾ ಒಪ್ಗೆ," ಎಂದುಬಿಟ್ಟ.

"ತೋಟದೊಳಕ್ಕೆ ಬಂದು ಒಂದ್ಸಲ ನೋಡ್ಬುಡಿ."

"ನೋಡದೇನು, ಮನೆತನ ಕಂಡ್ರೆ ಗೊತ್ತಾಗಲ್ವಾ? ದಿನ ಗೊತ್ತು ಮಾಡಿ. ನಾವು ಎರಡು ಬಸ್ಸು ತತ್ತೀವಿ."

"ಬಸ್ಸಾ?" ಬೆಟ್ಟಯ್ಯ ಗಾಬರಿಯಾದ. "ಬಸ್ಸು ಯಾತಕ್ಕೆ ಸ್ವಾಮಿ, ಒಂದ್ ಲಾರಿ ತನ್ನಿ ಸಾಕು."

"ಲಾರೀಲಾ?" ರೇವಣಸಿದ್ದಯ್ಯನ ಮುಖ ಕೆಂಪಗಾಯಿತು. "ನಮ್ಮೋರ್ನ ಲಾರೀಲಿ ತುಂಬ್ಕಂಡ್ ಬರಾಣಾ?"

ಚನ್ನೇಶ ಮಾವನ ತೋಳು ಹಿಡಿದು ಎಳೆದ. ಮಾವ ಕೊಡವಿದ. ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ಬೆಟ್ಟಯ್ಯನ ಮಗಳು ಕೃತಿಕಾ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಬಂದಳು. ತಟ್ಟೆಗಿಂತ ಮುಂದೆ ಅವಳ ಹೊಟ್ಟೆ ಬಂತು.

ರೇವಣಸಿದ್ದಯ್ಯ ಮೆಲ್ಲಗೆ ಎದ್ದು ನಿಂತ.

"ಏನ್ರೀ ಇದು?"

"ಕಾಫಿ," ಎಂದ ಬೆಟ್ಟಯ್ಯ.

"ಅದಲ್ಲಾರೀ! ಹೊಟ್ಟೆ!"

"ಏಳ್ನೇ ತಿಂಗಳು."

"ಎಷ್ಟ್ ಧೈರ್ಯವಾಗಿ ಹೇಳ್ತೀರ!"

"ಇದ್ರಾಗೆ ಧೈರ್ಯ ಎಲ್ಲಿ ಬಂತು? ಮೊದಲ್ನೇ ಹೆರಿಗೆ, ತವರಲ್ಲಿ ಆಗ್ಬೇಕು ಅಂತ ಕರ್ಕಂಡ್ ಬಂದಿವ್ನಿ."

"ಹೆರಿಗೇಗೆ ಕರ್ಕಂಡ್ ಬಂದು, ಹಂಗೇ ಇನ್ನೊಂದ್ ಕಡೆ ದಾಟಿಸ್ಬುಡಾಣಾ ಅಂತಲಾ? ವನಜಾ, ಏಳು. ಮೋಸ ಇದು! ಏಳು!"

ಬೆಟ್ಟಯ್ಯನೂ ಎದ್ದ. "ಏನ್ ಮೋಸ? ಕಾಯಿ ಬ್ಯಾಡ ಅಂದ್ರೆ ಬ್ಯಾಡ ಅನ್ರಿ. ನನ್ ಮಗಳ ಹೊಟ್ಟೆ ಮ್ಯಾಲೆ ಯಾಕ್ ಹೋಯ್ತೀರಿ?"

"ಕಾಯಾ? ಯಾವ ಕಾಯಿ?"

ಕೃತಿಕಾ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಸೊಂಟಕ್ಕೆ ಕೈ ಕೊಟ್ಟಳು. ಅಷ್ಟು ಹೊತ್ತು ಯಾರೂ ಕೇಳದೆ ಉಳಿದಿದ್ದನ್ನು ಅವಳು ಕೇಳಿದಳು: "ನೀವು ಯಾರು?"

ಚನ್ನೇಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಕೇಳಿ ಮುಗಿಸಿದ ಕೃತಿಕಾ ಕಟ್ಟೆ ಹಿಡಿದುಕೊಂಡು ಕುಳಿತಳು. ನಕ್ಕು ನಕ್ಕು ಅವಳಿಗೆ ಉಸಿರು ಹತ್ತದಾಯಿತು. ಸಿದ್ದಲಕ್ಷ್ಮಮ್ಮ ಹೆದರಿ ನೀರು ತಂದಳು. "ಮಾಲಿನಿ ಮಿಸ್ ಮನೆಗಾ? ಅದು ಹಿಂದಿನೂರು. ಇಲ್ಲಿಗೆ ಬರಕ್ಕೆ ಇರೋದೇ ಅದೊಂದು ರೋಡು. ಅವ್ರ ಮನೆ ಮುಂದ್ಲಿಂದ್ಲೇ ಬಂದಿದೀರಲ್ಲ!"

ರೇವಣಸಿದ್ದಯ್ಯ ಕಾರಿಗೆ ಹೋಗಿ ಸ್ಕ್ರೀನ್ ನೋಡಿ ಬಂದ. "ಬಾವುಟ ಇಲ್ಲೇ ಐತಲ್ಲ," ಎಂದ. ದನಿಯಲ್ಲಿ ಮೊದಲಿನ ಕಸುವು ಇರಲಿಲ್ಲ. ಬೆಟ್ಟಯ್ಯ ಕಾಫಿ ಕುಡಿಯದೆ ಯಾರನ್ನೂ ಬಿಡಲಿಲ್ಲ. ಹಣ್ಣು ಕಾಯಿಯ ತಟ್ಟೆಯನ್ನು ಸಿದ್ದಲಕ್ಷ್ಮಮ್ಮ ವಾಪಸ್ ಕೊಡಲು ಬಂದಾಗ, ದೇವರ ಮುಂದೆ ಇಟ್ಟದ್ದು ಅಲ್ಲೇ ಇರಲಿ ಎಂದಳು ವನಜಮ್ಮ. ಅವಸರದಲ್ಲಿ ಹೊರಟವಳು ಸಿದ್ದಲಕ್ಷ್ಮಮ್ಮನ ಹವಾಯಿ ಚಪ್ಪಲಿ ಮೆಟ್ಟಿ ಕಾರು ಹತ್ತಿದಳು.

ಅವರು ಮಾಲಿನಿಯ ಮನೆ ಮುಟ್ಟಿದಾಗ ಒಂದೂವರೆ ಗಂಟೆ. ಒಳಗೆ ಎಲೆ ಹಾಕಿತ್ತು. ಅಮೃತೂರಿನ ಹುಡುಗ ಕಿರಣ್‌ಕುಮಾರ್, ಅವನ ಅಪ್ಪ, ಇನ್ನೊಬ್ಬ ಹಿರಿಯ, ಮೂವರೂ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಮಾಲಿನಿಯ ಅಪ್ಪ ಹೊರಗೆ ಬಂದು ಅರ್ಧ ಮುಗಿದ ಕೈಯಲ್ಲೇ ಚನ್ನೇಶನ ಕಡೆಯ ಹಿರಿಯರನ್ನು ಒಳಗೆ ಕರೆದ. ಅವರು ಜಗುಲಿಯ ಮೇಲೆ ಕುಳಿತರು. ಮಾಲಿನಿ ಗೇಟಿನ ಹತ್ತಿರ ಬಂದಳು.

"ಅವ್ರು ಕಾರಲ್ಲಿ ಬಂದ್ರಾ?" ಎಂದ ಚನ್ನೇಶ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಪ್ರೈವೇಟ್ ಬಸ್ಸು. ಕುಣಿಗಲ್ಲಲ್ಲಿ ಬಸ್ ಬದಲಾಯಿಸಿ ಬಂದ್ರು. ಟೀ ಅಂಗಡೀಲಿ ನಮ್ಮನೆ ಎಲ್ಲಿ ಅಂತ ಕೇಳಿದ್ರಂತೆ. ‘ಓ ಆ ಮನೇನಾ, ಹುಡ್ಗಿಗೆ ಬಾಯಿ ಜಾಸ್ತಿ’ ಅಂದ್ರಂತೆ. ಆದ್ರೂ ಬಂದ್ರು."

ಚನ್ನೇಶ ಡಬ್ಬಿಯ ವಿಚಾರ ಹೇಳಿದ. ಓಣಿಗಳ ವಿಚಾರ, ಡಾಂಬರಿನ ವಿಚಾರ, ಮೂರನೆಯ ಎಡದ ವಿಚಾರ, ಕೃತಿಕಾಳ ವಿಚಾರ. ಮಾಲಿನಿ ತಡೆಯಲಾರದೆ ನಕ್ಕಳು, ಅದೇ ನಗು. ಚನ್ನೇಶನಿಗೆ ಜೀವ ಬಂದಂತಾಯಿತು.

"ಸರಿ," ಎಂದಳು ನಗು ಮುಗಿಸಿ. "ನಿಮ್ಮ ಮಾವನ ಮ್ಯಾಪು ತಪ್ಪು. ನಿಮ್ಮ ಮ್ಯಾಪು?"

"ನಂದು ಸರೀಗೇ ಇತ್ತು. ಮೊದಲಿಂದ ಹೇಳ್ತಾನೇ ಇತ್ತು."

"ಇದೇ ಮನೆ ಅಂತಾನೂ ಹೇಳ್ತಾ?"

"ಹಸಿರು ಬಂತು."

"ನನ್ನನ್ನೂ ನೋಡಿದ್ರಿ."

"ನೋಡ್ದೆ. ಟಾಟಾ ಮಾಡಿದ್ನಲ್ಲ."

"ಮಾಡಿದ್ರಿ." ಅವಳು ರಂಗೋಲಿಯ ಮೇಲೆ ಬಿದ್ದ ಕಾರಿನ ಚಕ್ರದ ಗುರುತನ್ನು ನೋಡುತ್ತ ನಿಂತಳು. "ಚನ್ನೇಶ್, ದಾರಿ ತಪ್ಪಿದ್ರೆ ನಾನೇನೂ ಅಂತಿರ್ಲಿಲ್ಲ. ನಿಮಗೆ ದಾರಿ ಗೊತ್ತಿತ್ತು, ಮನೆ ಗೊತ್ತಿತ್ತು, ನಾನು ಎದುರಿಗೇ ನಿಂತಿದ್ದೆ. ಆದ್ರೂ ಮಾವನ ಹಿಂದೆ ಹೋದ್ರಿ. ಬ್ರೇಕು ನಿಮ್ಮ ಕಾಲ ಕೆಳಗೇ ಇತ್ತಲ್ಲ?"

"ಅಮ್ಮ ಬ್ಯಾಡ ಅಂದ್ರು. ಸೌಂಡೂ ಅಮ್ಮಾನೇ ಆಫ್ ಮಾಡಿದ್ದು."

"ಇದನ್ನ ಕೇಳಿ ನಗಬೇಕೋ ಅಳಬೇಕೋ," ಎಂದಳು ಮಾಲಿನಿ. "ಬೇಡ ಬಿಡಿ. ನಿಮ್ಮನೇಲೂ ನಾನು ಬಾಗಿಲಲ್ಲಿ ನಿಂತಿರ್ತೀನಿ, ನೀವು ಟಾಟಾ ಮಾಡ್ಕೊಂಡು ಹೋಗ್ತಿರ್ತೀರ."

"ಅವ್ರಿಗೆ ಹೂಂ ಅಂದ್ರಾ?"

"ಅವ್ರಿಗೆ ಇನ್ನೂ ಏನೂ ಅಂದಿಲ್ಲ. ನಿಮಗೆ ಇಲ್ಲ ಅಂತಿದೀನಿ. ಊಟ ಮಾಡ್ಕೊಂಡು ಹೋಗಿ, ಒಬ್ಬಟ್ಟು ಇದೆ."

ಊಟಕ್ಕೆ ಕೂರಲು ರೇವಣಸಿದ್ದಯ್ಯ ಒಪ್ಪಲಿಲ್ಲ. ಇಂಥ ಮನೆಯಲ್ಲಿ ನೀರೂ ಮುಟ್ಟಲ್ಲ ಎಂದು ಗುಡುಗಿ, ಸಿಟ್ಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಉಜ್ಜಿದ. ಒಡೆದ ಗಾಜಿನ ಚೂರುಗಳನ್ನು ಮಾಲಿನಿಯ ಅಪ್ಪನೇ ಪೊರಕೆ ತಂದು ಬದಿಗೆ ಗುಡಿಸಿದ. ಆಮೇಲೆ ಮಾವನ ಕಾರು ಮುಂದೆ, ಚನ್ನೇಶನ ಕಾರು ಹಿಂದೆ, ಎಲ್ಲರೂ ತುಮಕೂರಿನ ಕಡೆ ಹೊರಟರು.

ಹೋದದ್ದು ಇಷ್ಟು: ಒಂದು ಸಂಬಂಧ, ಹಣ್ಣು ಕಾಯಿಯ ಒಂದು ತಟ್ಟೆ, ವನಜಮ್ಮನ ಒಂದು ಜೊತೆ ಚಪ್ಪಲಿ, ಮಾವನ ಕಾರಿನ ಎಡಗಡೆಯ ಕನ್ನಡಿ ಒಂದು.